ಅಮ್ಮನ ಪರವಾಗಿ ಆಂಜನೇಯನಲ್ಲಿ

ಮಾನ್ಯ ಓದುಗರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಈ ಹಿಂದೆ ಯಾವ ಪತ್ರಿಕೆಗಾಗಲಿ ಪುಸ್ತಕಕ್ಕಾಗಲಿ ಒಂದು ಸಾಲನ್ನೂ ಬರೆದವನಲ್ಲ. ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿದ್ದು, ನನ್ನ ಬರವಣಿಗೆಯೆಲ್ಲ ಟಿಪ್ಪಣಿ ಹಾಳೆಗಳಲ್ಲಿಯೂ ಜ್ಞಾಪನಪತ್ರಗಳಲ್ಲಿಯೂ ಕಳೆದಿದೆ. ಬರೆಯಲು ಕುಳಿತರೆ ಕೈ ತಾನಾಗಿ ಅದೇ ದಾರಿ ಹಿಡಿಯುತ್ತದೆ. ಅದನ್ನು ಮನ್ನಿಸಿ, ವಿಷಯವನ್ನು ಮಾತ್ರ ಪರಿಗಣಿಸಬೇಕಾಗಿ ಕೋರುತ್ತೇನೆ.

ಕಳೆದ ಶನಿವಾರ ಬಂಗಾರಪೇಟೆಯ ಕಡೆಯಿಂದ ಸ್ಕೂಟರಿನಲ್ಲಿ ಹಿಂದಿರುಗುತ್ತಿದ್ದಾಗ ನಮ್ಮ ಹುಟ್ಟೂರಿನ ಆಂಜನೇಯನ ಗುಡಿಯ ಮುಂದೆ ಗಾಡಿ ನಿಲ್ಲಿಸಿದೆ. ಪೂಜಾರಿ ನಾರಾಯಣಪ್ಪನವರು ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ಕಲ್ಲಿನ ಮೂರ್ತಿಗೆ ಬಳಿಯುತ್ತಿದ್ದರು. ಹಸಿ ಎಣ್ಣೆ, ಸಿಂಧೂರ, ಬಾಡಿದ ತುಳಸಿ ಎಲ್ಲ ಸೇರಿದ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಕೆಲವು ವರ್ಷಗಳ ಹಿಂದೆ ಆಷಾಢದ ಗಾಳಿಯಿಂದ ಕಾರ್ತಿಕದ ತುಂತುರಿನವರೆಗೆ ನಡೆದ ಸಂಗತಿಗಳೆಲ್ಲ ಒಂದರ ಹಿಂದೆ ಒಂದರಂತೆ ನೆನಪಿಗೆ ಬಂದವು. ನಾನು ದೇವರೊಡನೆ ಮೊದಲ ಬಾರಿಗೆ ನೇರವಾಗಿ ಮಾತನಾಡಿದ್ದು ಆ ವರ್ಷ.

ನೇರವಾಗಿ ಎಂಬ ಪದವನ್ನು ವಿವರಿಸುವುದು ಸೂಕ್ತ. ಕಚೇರಿಯಲ್ಲಿ ನಮ್ಮಂಥವರು ಮೇಲಧಿಕಾರಿಗಳಿಗೆ ಮನಬಂದಂತೆ ಬರೆಯುವಂತಿಲ್ಲ. ‘ಸೂಕ್ತ ಮಾರ್ಗದ ಮೂಲಕ’ ಎಂದು ತಲೆಯ ಮೇಲೆ ನಮೂದಿಸಿ, ನಮ್ಮ ಮೇಲ್ವಿಚಾರಕರ ಕೈಯಿಂದಲೇ ಮುಂದೆ ಹೋಗಬೇಕು. ನಮ್ಮ ಮನೆಯಲ್ಲಿ ದೇವರ ವಿಷಯದಲ್ಲಿಯೂ ಇದೇ ಪದ್ಧತಿ ಜಾರಿಯಲ್ಲಿತ್ತು. ಆ ಮಾರ್ಗ ನಮ್ಮ ತಾಯಿ ಮುನಿಯಮ್ಮನವರು. ತಂದೆಯವರು ತೀರಿಕೊಂಡ ಮೇಲೆ ಅವರು ಊರು ಬಿಟ್ಟು ಆಂಡರ್ಸನ್‌ಪೇಟೆಯ ನಮ್ಮ ಬಾಡಿಗೆ ಮನೆಗೆ ಬಂದಿದ್ದರು. ಬರುವಾಗ ತಂದದ್ದು ಒಂದು ಟ್ರಂಕು, ರಾಗಿ ಮುದ್ದೆ ತಿರುವುವ ಕೋಲು, ಮತ್ತು ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಆಂಜನೇಯನ ಪಟ. ಅದನ್ನು ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೂಡಿನಲ್ಲಿ ಇಟ್ಟರು. ದೇವರಕೋಣೆಯಲ್ಲಿ ಏಕೆ ಇಡಲಿಲ್ಲವೆಂದು ನನ್ನ ಪತ್ನಿ ರೂಪಾ ಕೇಳಿದಾಗ, ಅಲ್ಲಿಟ್ಟರೆ ಅವನೊಡನೆ ಮಾತಾಡಲು ಎದ್ದು ಹೋಗಬೇಕಾಗುತ್ತದೆಂದು ಉತ್ತರ ಬಂತು.

ಮಾತು ಬೆಳಗಿನಿಂದಲೇ ಆರಂಭವಾಗುತ್ತಿತ್ತು. ನಲ್ಲಿಯಲ್ಲಿ ನೀರು ಬಾರದಿದ್ದರೆ ಆತನಿಗೆ ಬೈಗುಳ, ಬಂದರೆ ಇಷ್ಟು ಹೊತ್ತು ಎಲ್ಲಿದ್ದೆಯೆಂದು ವಿಚಾರಣೆ. ರೂಪಾಳ ತಲೆನೋವು, ಕೆಳಗಿನ ಮನೆಯ ಸೆಲ್ವಿ ಅಕ್ಕನ ಇಡ್ಲಿ ವ್ಯಾಪಾರ, ನನ್ನ ವರ್ಗಾವಣೆ, ಎಲ್ಲವೂ ಒಲೆಯ ಮುಂದೆಯೇ ಇತ್ಯರ್ಥವಾಗುತ್ತಿದ್ದವು. ನನಗೇನಾದರೂ ಬೇಕಿದ್ದರೆ ತಾಯಿಯವರಿಗೆ ತಿಳಿಸಿ ಕಚೇರಿಗೆ ಹೊರಟುಬಿಡುತ್ತಿದ್ದೆ. ಮುಂದಿನ ಕ್ರಮ ಅವರದು. ನನ್ನ ಕೆಲಸ, ನನ್ನ ಮದುವೆ ಎರಡೂ ಅವರು ಊರಿನಲ್ಲಿದ್ದಾಗಲೇ ಹೀಗೆಯೇ ಮಂಜೂರಾಗಿದ್ದವು.

ಆ ವರ್ಷ ಆಷಾಢದ ಗಾಳಿ ಜೋರಾಗಿತ್ತು. ಚಿನ್ನದ ಗಣಿಯ ಕಾಲದ ಬಿಳಿ ಮಣ್ಣಿನ ದಿಬ್ಬಗಳಿಂದ ಎದ್ದ ಧೂಳು ಕಿಟಕಿ ಮುಚ್ಚಿದರೂ ಬಾಗಿಲ ಸಂದಿಯಿಂದ ನುಸುಳಿ, ಹಾಸಿಗೆ, ಪಾತ್ರೆ, ಆಂಜನೇಯನ ಮುಖ ಎಲ್ಲದರ ಮೇಲೂ ಕೂರುತ್ತಿತ್ತು. ತಾಯಿಯವರ ದನಿ ಕಟ್ಟಿಕೊಂಡಾಗ ನಾವೆಲ್ಲ ಧೂಳನ್ನೇ ದೂರಿದೆವು. ಶುಂಠಿ ಕಷಾಯವಾಯಿತು, ಉಪ್ಪುನೀರಾಯಿತು. ಕಡೆಗೆ ಕೋಲಾರದ ಒಂದು ಆಸ್ಪತ್ರೆಯಲ್ಲಿ ತೋರಿಸಿದಾಗ ಕತ್ತಿನಲ್ಲಿ ಥೈರಾಯ್ಡ್ ಗಂಟು ಬೆಳೆದಿದೆಯೆಂದೂ, ಶಸ್ತ್ರಚಿಕಿತ್ಸೆ ಮಾಡಿ ತೆಗೆಯಲೇಬೇಕೆಂದೂ ವೈದ್ಯರು ತಿಳಿಸಿದರು. ಜೀವಕ್ಕೆ ಅಪಾಯವಿಲ್ಲ. ಆದರೆ ದನಿಯ ನರ ಆ ಗಂಟಿಗೆ ಅಂಟಿಕೊಂಡೇ ಹಾದುಹೋಗುತ್ತದೆ. ಕೆಲವು ಕಾಲ ದನಿ ಬಾರದಿರಬಹುದು. ಅಪರೂಪಕ್ಕೆ ಬಾರದೆಯೇ ಉಳಿಯಲೂಬಹುದು.

ಜೀವದ ಮಾತಿಗೆ ತಲೆಯಾಡಿಸುತ್ತಾ ಕುಳಿತಿದ್ದ ತಾಯಿಯವರು ದನಿಯ ಮಾತು ಬಂದದ್ದೇ ನೆಟ್ಟಗಾದರು. ಬಸ್ಸಿನಲ್ಲಿ ಬರುವಾಗ ನಾನು ಸಮಾಧಾನ ಹೇಳಲು ಯತ್ನಿಸಿದೆ. ದೇವರಿಗೆ ಮನಸ್ಸಿನಲ್ಲಿರುವುದೂ ತಿಳಿಯುತ್ತದೆ, ಬಾಯಿ ಬೇಕಿಲ್ಲ ಎಂದೆ.

“ಮನಸ್ನಾಗಿರಾದು ತಿಳೀತದೆ ಅಂತ ಸುಮ್ಕೆ ಕುಂತ್ರೆ ಸಂಸಾರ ನಡೀತದಾ?” ಎಂದರು. “ನಿಮ್ಮಪ್ಪಂಗೂ ಎಲ್ಲಾ ತಿಳೀತಿತ್ತು. ಆದ್ರೂ ಬಾಯ್ಬಿಟ್ಟು ಏಳಿದ್ರೇನೇ ಸಕ್ಕರೆ ತರ್ತಿದ್ದಿದ್ದು.”

ಹಾಗಿದ್ದರೆ ಈ ದನಿಯ ವಿಷಯವನ್ನು ಈಗಲೇ ಆತನಿಗೆ ಹೇಳಿಕೊಳ್ಳಬಹುದಲ್ಲ ಎಂದು ಸೂಚಿಸಿದೆ. ತಾಯಿಯವರು ಕಿಟಕಿಯ ಕಡೆ ತಿರುಗಿದರು.

“ಎಲ್ರಿಗೂ ಕೇಳಿವ್ನಿ. ನಂಗೇ ಅಂತ ಒಂದ್ ಕಿತಾನೂ ಕೇಳಿಲ್ಲ. ದಿನಾ ಮನೇಗೆ ಬಂದೋಗೋನ ತಾವ ಈಗ ಕೈ ಒಡ್ಡಾಕೆ ನಾಚ್ಕೆ ಆಯ್ತದೆ ಕಣ್ಲಾ. ನೀನೇ ಕೇಳು.”

ಹೀಗೆ ಆ ಹೊಣೆ ಯಾವ ತರಬೇತಿಯೂ ಇಲ್ಲದ ನನ್ನ ಹೆಗಲಿಗೆ ಬಂತು. ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೂಡಿನ ಮುಂದೆ ನಿಂತೆ. ಮಾನ್ಯ ಆಂಜನೇಯಸ್ವಾಮಿಯವರ ಸನ್ನಿಧಾನಕ್ಕೆ ವಂದನೆಗಳನ್ನು ಅರ್ಪಿಸುತ್ತಾ, ನಮ್ಮ ತಾಯಿಯವರ ಗಂಟಲಿನ ವಿಷಯವಾಗಿ ತಮ್ಮ ಅಮೂಲ್ಯ ಗಮನವನ್ನು ಸೆಳೆಯಬಯಸುತ್ತೇನೆ ಎಂದು ಶುರುಮಾಡಿದೆ. ಅಷ್ಟರಲ್ಲಿ ಹಿಂದಿನಿಂದ ರೂಪಾ, “ರೀ, ದೇವ್ರಿಗೆ ನೋಟೀಸ್ ಕೊಡ್ತಿದ್ದೀರಾ?” ಎಂದು ಕೇಳಿದಳು. ತಾಯಿಯವರು ಮುದ್ದೆ ತಿರುವುತ್ತಲೇ, ನಾನು ವಿಷಯಕ್ಕೆ ಬರುವ ಮುಂಚೆಯೇ ಆತನಿಗೆ ನಿದ್ದೆ ಬರುತ್ತದೆಂದು ಅಭಿಪ್ರಾಯಪಟ್ಟರು. ಗುರುತು ಪರಿಚಯವಿಲ್ಲದವರು ಬಂದ ದಿನವೇ ದೊಡ್ಡದನ್ನು ಕೇಳುವುದು ಮರ್ಯಾದೆಯಲ್ಲ. ಮೊದಲು ಸಣ್ಣಪುಟ್ಟವನ್ನು ಕೇಳಿ ಪರಿಚಯ ಮಾಡಿಕೊಳ್ಳಬೇಕು, ಸಂಜೆ ಬಂದು ಆತ ಏನೆಂದನೆಂದು ತಮಗೆ ತಿಳಿಸಬೇಕು ಎಂದು ಅಪ್ಪಣೆಯಾಯಿತು.

ಅದರಂತೆ ನನ್ನ ಅಭ್ಯಾಸ ಆರಂಭವಾಯಿತು. ಮೊದಲ ಸಂದರ್ಭವೇ ಇರಿಸುಮುರಿಸು ತಂದಿತು. ಊರಿಗಾಂ ರೈಲು ನಿಲ್ದಾಣದ ಬಳಿ ನನ್ನ ಸ್ಕೂಟರು ನಿಂತುಹೋಯಿತು. ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ದಯಮಾಡಿ ಈ ವಾಹನವನ್ನು ಚಾಲನೆಗೊಳಿಸಬೇಕೆಂದು ಮೆಲ್ಲಗೆ ಕೋರಿದೆ. ಸ್ಕೂಟರು ಕದಲಲಿಲ್ಲ. ಹಳೆಯ ಗಣಿ ಕಾರ್ಮಿಕರ ಸಾಲುಮನೆಗಳ ಮುಂದೆ, ಎದುರುಗಾಳಿಯಲ್ಲಿ, ತಳ್ಳಿಕೊಂಡೇ ಹೋದೆ. ಮೈಯೆಲ್ಲ ಬಿಳಿ ಧೂಳಾಗಿ ಕಚೇರಿ ತಲುಪಿದಾಗ ಸಹೋದ್ಯೋಗಿಗಳೆಲ್ಲ ಮುಖ ಇಳಿಬಿಟ್ಟು ಕುಳಿತಿದ್ದರು. ಸಾಹೇಬರು ಬೆಳಿಗ್ಗೆ ಬಂದು ಒಬ್ಬೊಬ್ಬರನ್ನೂ ನಿಲ್ಲಿಸಿ ಗದರಿಸಿ, ಆಗಷ್ಟೇ ಸಭೆಗೆಂದು ಕೋಲಾರಕ್ಕೆ ಹೊರಟಿದ್ದರು. ನನಗೊಬ್ಬನಿಗೆ ಆ ಭಾಗ್ಯ ತಪ್ಪಿತ್ತು.

ಸಂಜೆ ಇದನ್ನು ವರದಿ ಮಾಡಿ, ಈ ಘಟನೆಯನ್ನು ಅನುಗ್ರಹವೆಂದು ಪರಿಗಣಿಸಬಹುದೇ ಎಂದು ತಾಯಿಯವರಲ್ಲಿ ವಿಚಾರಿಸಿದೆ.

“ಮತ್ತಿನ್ನೇನ್ಲಾ? ನೀನ್ ಗಾಡಿ ಕೇಳ್ದೆ, ಅವ್ನು ಬೈಗ್ಳ ತಪ್ಪುಸ್ದ. ನಿಂಗೆ ಕೇಳಾಕ್ ಬರಲ್ಲ, ಅವ್ನಿಗೆ ಕೊಡಾಕ್ ಬತ್ತದೆ.”

ಅಂದಿನಿಂದ ನನಗೆ ಒಂದು ರೋಗ ಹತ್ತಿತು. ಕಂಡದ್ದಕ್ಕೆಲ್ಲ ಆತನ ಕೈವಾಡವಿದೆಯೇ ಎಂದು ಪರಿಶೀಲಿಸತೊಡಗಿದೆ. ಮಳೆ ಬರುವ ಮುಂಚೆ ಛತ್ರಿ ನೆನಪಾದರೆ ಪಕ್ಕದಲ್ಲಿ ಯಾರೋ ಎಚ್ಚರಿಸಿದಂತಾಗುತ್ತಿತ್ತು. ರೂಪಾಳೊಡನೆ ಜಗಳಕ್ಕೆಂದು ಬಾಯಿ ತೆರೆದಾಗ ಸರಿಯಾಗಿ ಕುಕ್ಕರು ಕೂಗಿದರೆ, ಅದೂ ಸೂಚನೆಯೇ ಇರಬಹುದೆಂದು ಬಾಯಿ ಮುಚ್ಚುತ್ತಿದ್ದೆ. ಕುಕ್ಕರಿನ ಈ ಮಹಿಮೆ ರೂಪಾಳಿಗೆ ತಿಳಿದ ಮೇಲೆ ಮನೆಯಲ್ಲಿ ಬೇಳೆ ಸ್ವಲ್ಪ ಹೆಚ್ಚಾಗಿಯೇ ಬೇಯತೊಡಗಿತು.

ಕೆಳಗಿನ ಮನೆಯ ಸೆಲ್ವಿ ಅಕ್ಕನಿಗೂ ಸುದ್ದಿ ಮುಟ್ಟಿತು. ಇಡ್ಲಿ ಅಂಗಡಿಯ ಹಬೆಯ ನಡುವಿನಿಂದಲೇ ನನ್ನನ್ನು ಕರೆದು, ತಾನು ಮುರುಗನಿಗೂ, ಚರ್ಚಿನ ಮಾತೆಗೂ, ದರ್ಗಾದಲ್ಲಿಯೂ ಹೇಳಿ ಬಂದಿರುವುದಾಗಿ ತಿಳಿಸಿದಳು. “ಒಂದೇ ಕಡೆ ಬಿಟ್ರೆ ಆಗಲ್ಲ ತಂಬಿ. ಯಾರಿಗೆ ಟೈಮ್ ಇರುತ್ತೋ ಅವರು ಪಾರ್ತುಕ್ಕುವಾಂಗ,” ಎಂದಳು. ಅವರಲ್ಲಿ ಯಾರಾದರೂ ನೋಡಿಕೊಳ್ಳುತ್ತಾರೆ ಎಂಬುದು ಆಕೆಯ ಭರವಸೆ. ಪ್ರತಿಗಳನ್ನು ಹೀಗೆ ಎಲ್ಲ ಕಡೆಗೂ ರವಾನಿಸಿದರೆ ಮೂಲ ಕಡತ ಎಲ್ಲಿ ಉಳಿಯುತ್ತದೆಂಬ ಆತಂಕ ನನಗಾಯಿತು. ತಾಯಿಯವರಿಗೆ ಮಾತ್ರ ಬಹಳ ಸಂತೋಷವಾಯಿತು. ಸೆಲ್ವಿ ಎಷ್ಟು ದೂರ ನಡೆದಿದ್ದಾಳೆ ನೋಡು, ನೀನು ಏನು ಬಿಟ್ಟೆ ಎಂದು ನನ್ನನ್ನೇ ಕೇಳಿದರು. ತಾಯಿಯವರ ದನಿ ಉಳಿಯಿತೆಂದು ಖಚಿತವಾಗುವವರೆಗೆ ಬಂಗಾರಪೇಟೆಯ ಪಾನಿಪುರಿ ಮುಟ್ಟುವುದಿಲ್ಲವೆಂದು ಕೂಡಲೇ ಹರಕೆ ಹೊತ್ತೆ. ಅದು ತಿಂದಾಗಲೆಲ್ಲ ನನಗೆ ಎದೆಯುರಿ ಬರುತ್ತಿತ್ತೆಂಬುದನ್ನು ರೂಪಾ ದೇವರ ಪಟದ ಮುಂದೆಯೇ ಬಹಿರಂಗಪಡಿಸಿದಳು.

ಶಸ್ತ್ರಚಿಕಿತ್ಸೆಯ ದಿನ ಗೊತ್ತಾಯಿತು. ಅದಕ್ಕೆ ಮುಂಚಿನ ಶನಿವಾರ, ಊರಿನ ಆಂಜನೇಯನಲ್ಲಿ ಹೂ ಕೇಳಲು ಮೂವರೂ ಹೋದೆವು. ನಮ್ಮ ಕಡೆ ಇದು ಹಳೆಯ ಪದ್ಧತಿ. ಪೂಜಾರಿಗಳು ಹೂವಿನ ಎಸಳುಗಳನ್ನು ನೀರಿನಲ್ಲಿ ಅದ್ದಿ ಮೂರ್ತಿಯ ಮೈಗೆ ಅಂಟಿಸುತ್ತಾರೆ. ಕೇಳುವವರು ಮನಸ್ಸಿನಲ್ಲಿ ಕೇಳಿಕೊಂಡು ಕಾಯಬೇಕು. ಬಲಗಡೆಯ ಎಸಳು ಉದುರಿದರೆ ಆಗುತ್ತದೆಂದೂ, ಎಡಗಡೆಯದು ಉದುರಿದರೆ ಇಲ್ಲವೆಂದೂ ಅರ್ಥ. ಹಿಂದೆ ನಾರಾಯಣಪ್ಪನವರ ಅಣ್ಣ ಪೂಜೆ ಮಾಡುತ್ತಿದ್ದಾಗ ಅವರೇ ನೋಡಿ ಹೇಳಿಬಿಡುತ್ತಿದ್ದರು, ಯಾರೂ ಪ್ರಶ್ನಿಸುತ್ತಿರಲಿಲ್ಲ. ನಾರಾಯಣಪ್ಪನವರು ಹೊಸಬರು, ಮೇಲಾಗಿ ಸಂಕೋಚದ ಸ್ವಭಾವದವರು.

ನಾನು ಕೈಮುಗಿದು ನಿಂತೆ. ಅಮ್ಮನ ದನಿ ಉಳಿಯುತ್ತದೆಯೇ ಎಂಬುದನ್ನು, ಸಾಧ್ಯವಾದಷ್ಟು ಚುಟುಕಾಗಿ, ಕೇಳಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಗ ಒಂದು ಎಸಳು ಜಾರಿತು. ಭುಜದಿಂದಲ್ಲ, ಕೈಯಿಂದಲ್ಲ, ಬಾಲದಿಂದ. ಜಾರಿ ನಮ್ಮ ಎಡಕ್ಕೆ ಬಿತ್ತು.

ನಾರಾಯಣಪ್ಪನವರು ಗಂಟೆ ಬಾರಿಸಲು ಎತ್ತಿದ ಕೈಯನ್ನು ಅರ್ಧಕ್ಕೇ ಇಳಿಸಿದರು. ಆಮೇಲೆ ಧೈರ್ಯ ತಂದುಕೊಂಡು, ದೇವರು ನಮ್ಮ ಎದುರಿಗೆ ನಿಂತಿರುವುದರಿಂದ ನಮ್ಮ ಎಡವೆಂದರೆ ಆತನ ಬಲ, ಆದ್ದರಿಂದ ಶುಭವೆಂದರು. ನಾನು ಉಸಿರು ಬಿಡುವಷ್ಟರಲ್ಲಿ ರೂಪಾ ಬಾಯಿ ಹಾಕಿದಳು. ನಮ್ಮ ಆಂಜನೇಯ ಎದುರಿಗೆ ನಿಂತಿಲ್ಲ. ಎಲ್ಲ ಹಳೆಯ ಗುಡಿಗಳಲ್ಲಿರುವಂತೆ ಕಲ್ಲಿನಲ್ಲಿ ಪಕ್ಕಕ್ಕೆ ತಿರುಗಿ, ಒಂದು ಕಾಲು ಮುಂದಿಟ್ಟಿದ್ದಾನೆ. ಮುಖ ನಮ್ಮ ಬಲಕ್ಕಿದೆ. ಹಾಗಾದರೆ ಹೂ ಬಿದ್ದದ್ದು ಆತನ ಬಲಕ್ಕೂ ಅಲ್ಲ, ಎಡಕ್ಕೂ ಅಲ್ಲ, ಬೆನ್ನ ಹಿಂದೆ.

ನಾರಾಯಣಪ್ಪನವರು ಮೂರ್ತಿಯನ್ನು ಹೊಸದಾಗಿ ನೋಡುವವರಂತೆ ನೋಡಿದರು. “ನಿಜ ಕಣಮ್ಮಾ,” ಎಂದರು. “ಅದ್ರಾಗೂ ಬಾಲದ್ದು. ಬಾಲ ಬಲಕ್ಕೆ ಸೇರ್ತದೋ ಎಡಕ್ಕೆ ಸೇರ್ತದೋ ನಮ್ಮಣ್ಣ ಏಳ್ಕೊಟ್ಟಿಲ್ಲ.”

ಸ್ಪಷ್ಟೀಕರಣ ಕೋರಿ ಇನ್ನೊಂದು ಹೂ ಕೇಳಬಹುದೇ ಎಂದೆ. ಒಂದೇ ವಿಷಯವನ್ನು ಒಂದೇ ದಿನ ಎರಡು ಸಲ ಕೇಳುವಂತಿಲ್ಲ ಎಂದರು. ಹಾಗಿದ್ದರೆ ಉತ್ತರ ಖಚಿತವಾಗುವವರೆಗೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದೇ ಸೂಕ್ತವೆಂದು ಗುಡಿಯ ಜಗುಲಿಯ ಮೇಲೆ ಕುಳಿತು ಪ್ರಸ್ತಾಪಿಸಿದೆ. ವೈದ್ಯರಿಗೆ ಫೋನು ಮಾಡಲು ಜೇಬಿಗೆ ಕೈಯನ್ನೂ ಹಾಕಿದೆ. ತಾಯಿಯವರು ನನ್ನ ಮೊಣಕೈ ಹಿಡಿದರು. ಅವರ ದನಿ ಆಗಲೇ ಸೀಳಿತ್ತು, ಆದರೂ ಒಂದೊಂದು ಮಾತೂ ನನಗೆ ಕೇಳಿಸಿತು.

“ಬೆನ್ನಿಂದೆ ಬಿದ್ರೆ ಏನಾಯ್ತ್ಲಾ? ಮುಂದಕ್ಕೆ ಓಗ್ತಾ ಅವ್ನೆ ಅಂತ. ನಿಮ್ಮಾಪೀಸಿನ ಸಾಯೇಬ್ರಂಗೆ ಎದ್ರಾಗೆ ಕುರ್ಚಿ ಆಕ್ಕಂಡು ಕುಂತವ್ನಾ ಅವ್ನು? ನಡೀತಾ ಅವ್ನೆ. ನೀನೂ ಜತ್ಯಾಗೆ ನಡಿ. ಆಗ ಅವ್ನ ಬಲಾನೂ ನಿನ್ನ ಬಲಾನೂ ಒಂದೇ ಕಡೆ ಇರ್ತದೆ.”

ನಾನು ಫೋನು ಮಾಡಲಿಲ್ಲ.

ಆಸ್ಪತ್ರೆಯಲ್ಲಿ ತಾಯಿಯವರನ್ನು ಒಳಗೆ ಕರೆದೊಯ್ದ ಮೇಲೆ ರೂಪಾ ಬೆಂಚಿನ ಮೇಲೆ ಕಣ್ಣುಮುಚ್ಚಿ ಕುಳಿತಳು. ನನಗೆ ಕುಳಿತಿರಲಾಗಲಿಲ್ಲ. ಉದ್ದನೆಯ ಮೊಗಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದೆ. ಕಟ್ಟಿಟ್ಟುಕೊಂಡು ಬಂದಿದ್ದ ವಾಕ್ಯಗಳೆಲ್ಲ ಎಲ್ಲಿಗೋ ಹೋಗಿದ್ದವು. ಒಂದು ಪದವೂ ಬಾಯಿಗೆ ಬರಲಿಲ್ಲ. ಆದರೆ ನಡೆಯುತ್ತಾ ನಡೆಯುತ್ತಾ ಒಂಟಿಯಾಗಿ ನಡೆಯುತ್ತಿರುವೆನೆಂಬ ಭಾವ ಮಾತ್ರ ಹೋಯಿತು. ಇದನ್ನು ದೃಢೀಕರಿಸಲು ನನ್ನ ಬಳಿ ಯಾವ ದಾಖಲೆಯೂ ಇಲ್ಲ. ನೆಲ ಒರೆಸುತ್ತಿದ್ದ ಆಯಾ ಒಬ್ಬರು ನನ್ನನ್ನು ಬಹಳ ಹೊತ್ತಿನಿಂದ ಗಮನಿಸುತ್ತಿದ್ದರೆಂದು ಕಾಣುತ್ತದೆ.

“ಸಾರ್, ಇಷ್ಟು ಜಾಗ ಬಿದ್ದೈತೆ, ಯಾಕೆ ಗೋಡೆ ಸವರ್ಕಂಡು ಓಗ್ತೀರಿ?” ಎಂದು ಕೇಳಿದರು.

ಆಗ ನೋಡಿಕೊಂಡೆ. ನನ್ನ ಅಂಗಿಯ ಎಡತೋಳಿಗೆಲ್ಲ ಸುಣ್ಣ ಹತ್ತಿತ್ತು. ಬಲಗಡೆ ಒಬ್ಬರು ಧಾರಾಳವಾಗಿ ನಡೆಯುವಷ್ಟು ಜಾಗವನ್ನು ನಾನು ಬಿಟ್ಟುಕೊಂಡೇ ಬಂದಿದ್ದೆ. ಒರೆಸಿದ ನೆಲ ಜಾರುತ್ತದೆಂದು ಆಯಾ ಅವರಿಗೆ ಹೇಳಿದೆ. ಅವರು ನೊಂದುಕೊಂಡು ಇನ್ನೊಮ್ಮೆ ಒಣಬಟ್ಟೆಯಿಂದ ಒರೆಸಿದರು.

ಗಂಟು ಕ್ಷೇಮವಾಗಿ ಹೊರಬಂತು, ಕೆಟ್ಟದ್ದೇನೂ ಅಲ್ಲವೆಂದು ತಿಳಿಯಿತು. ದನಿ ಮಾತ್ರ ಬರಲಿಲ್ಲ. ತಾಯಿಯವರು ಬಾಯಿ ತೆರೆದರೆ ಬರಿಯ ಗಾಳಿ ಹೊರಡುತ್ತಿತ್ತು. ನರಕ್ಕೆ ನೋವಾಗಿದೆ, ಕಾಯಬೇಕು ಎಂದರು ವೈದ್ಯರು. ಮನೆ ಮನೆಯಾಗಿ ಉಳಿಯಲಿಲ್ಲ. ನಲ್ಲಿ ತನ್ನಿಷ್ಟಕ್ಕೆ ಬಂದು ತನ್ನಿಷ್ಟಕ್ಕೆ ನಿಲ್ಲುತ್ತಿತ್ತು, ಕೇಳುವವರಿರಲಿಲ್ಲ. ಮೇಲಿನಿಂದ ಬೈಗುಳ ಕೇಳದೆ ತನಗೆ ಇಡ್ಲಿ ಬೆಂದದ್ದೂ ಗೊತ್ತಾಗುತ್ತಿಲ್ಲವೆಂದು ಸೆಲ್ವಿ ಅಕ್ಕ ಕಣ್ಣೊರೆಸಿಕೊಂಡಳು.

ಮನೆಗೆ ಬಂದ ಮಾರನೆಯ ಬೆಳಿಗ್ಗೆಯೇ ತಾಯಿಯವರು ಮುದ್ದೆ ಕೋಲನ್ನು ಮೊದಲು ಗೂಡಿನ ಕಡೆಗೂ ಆಮೇಲೆ ನನ್ನ ಬಾಯಿಯ ಕಡೆಗೂ ತೋರಿಸಿದರು. ನಾನು ಮಾತಾಡಬೇಕು. ಅವರು ಕೈಸನ್ನೆ ಮಾಡುವುದು, ನಾನು ಅದನ್ನು ಆತನಿಗೆ ಗಟ್ಟಿಯಾಗಿ ತಿಳಿಸುವುದು. ಅನುವಾದದಲ್ಲಿ ಹಲವು ಲೋಪಗಳಾದವು. ಅವರು ಬೆರಳು ತಿರುಗಿಸಿದ್ದು ನಲ್ಲಿಯ ನೀರಿಗಾಗಿ, ನಾನು ಕೇಳಿದ್ದು ಸ್ಕೂಟರಿನ ಆರೋಗ್ಯ. ಹೊಟ್ಟೆ ಮುಟ್ಟಿ ತೋರಿಸಿದ್ದು ಸೆಲ್ವಿ ಅಕ್ಕನ ಗ್ಯಾಸ್ಟ್ರಿಕ್ಕಿಗೆ, ನಾನು ರೂಪಾಳಿಗೆ ಸಂತಾನಭಾಗ್ಯ ಕೋರಿದೆ. ತಾಯಿಯವರು ಹಣೆ ಚಚ್ಚಿಕೊಂಡರು. ಆಮೇಲೆ ಒಂದು ಕ್ಷಣ ಯೋಚಿಸಿ, ಅದೂ ಇರಲಿ ಎಂಬಂತೆ ಕೈ ಬೀಸಿದರು. ರೂಪಾ ಅಡುಗೆಮನೆ ಬಿಟ್ಟು ಹೋದಳು.

ಆಶ್ವಯುಜದ ಮಳೆ ಹಿಡಿಯಿತು. ಧೂಳು ಅಡಗಿ ದಿಬ್ಬಗಳು ತೊಯ್ದು ಬೂದುಬಣ್ಣಕ್ಕೆ ತಿರುಗಿದವು. ದಿನವೂ ಮಾತಾಡಿ ಮಾತಾಡಿ ನನ್ನ ಭಾಷೆ ನನಗೆ ತಿಳಿಯದಂತೆಯೇ ಸವೆಯಿತು. ಮೊದಲು ‘ಮಾನ್ಯ’ ಬಿದ್ದುಹೋಯಿತು. ಆಮೇಲೆ ‘ಕೋರುತ್ತೇನೆ’ ಹೋಯಿತು. ‘ತಾವು’ ಕೆಲವು ವಾರ ಬಿಗಿಯಾಗಿ ಕುಳಿತಿತ್ತು. ಒಂದು ದಿನ ಕ್ಷೌರ ಮಾಡಿಕೊಳ್ಳುತ್ತಾ ಕನ್ನಡಿಯ ಮುಂದೆ ಏನನ್ನೋ ಹೇಳುವಾಗ ‘ನೀನು’ ಎಂದುಬಿಟ್ಟೆ. ಗಾಬರಿಯಿಂದ ಸುತ್ತ ನೋಡಿದೆ. ಯಾರೂ ಆಕ್ಷೇಪಿಸಲಿಲ್ಲ. ಅಲ್ಲಿಂದ ಮುಂದೆ ಸನ್ನೆಯಿಲ್ಲದೆಯೂ, ರಸ್ತೆಯಲ್ಲಿಯೂ, ಕಡತ ತಿರುವುವಾಗಲೂ ಆತನೊಡನೆ ಒಂದೆರಡು ಮಾತು ಆಡುವುದು ರೂಢಿಯಾಯಿತು. ಕೇಳಿದ್ದು ಸಿಗುತ್ತಿತ್ತೆಂದು ಹೇಳಲಾರೆ. ಕೇಳಿಸಿಕೊಳ್ಳುತ್ತಾನೆಂಬುದರಲ್ಲಿ ಮಾತ್ರ ಸಂಶಯ ಉಳಿಯಲಿಲ್ಲ.

ಕಾರ್ತಿಕ ಬಂತು. ಇಷ್ಟರೊಳಗೆ ದನಿಯ ಸುಳಿವಾದರೂ ಕಾಣಬೇಕಿತ್ತೆಂದು ವೈದ್ಯರು ಹೇಳಿ, ಮುಂದೇನು ಹೇಳಬೇಕೆಂದು ತಿಳಿಯದವರಂತೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಮರುದಿನ ಬೆಳಿಗ್ಗೆ ಹೊರಗೆ ತುಂತುರು ಬೀಳುತ್ತಿತ್ತು. ನಾನು ಕಚೇರಿಗೆ ಹೊರಟು ಅಡುಗೆಮನೆಗೆ ಬಂದೆ. ತಾಯಿಯವರು ರೂಪಾಳನ್ನು ಹೆಸರು ಹಿಡಿದು ಕರೆಯಲು ಯತ್ನಿಸುತ್ತಿದ್ದರು. ಕತ್ತಿನ ನರ ಉಬ್ಬಿತು, ತುಟಿ ಆಡಿತು, ಗಾಳಿ ಬಂತು. ರೂಪಾ ಬೆನ್ನು ತಿರುಗಿಸಿ ತರಕಾರಿ ಹೆಚ್ಚುತ್ತಲೇ ಇದ್ದಳು, ಅವಳಿಗೆ ಗೊತ್ತಾಗಲೇ ಇಲ್ಲ. ತಾಯಿಯವರು ಸ್ವಲ್ಪ ನಕ್ಕು, ತಾವೇ ಎದ್ದು ಹೋಗಿ ನೀರಿನ ಚೊಂಬು ತಂದುಕೊಂಡು, ಒಲೆಯ ಮುಂದೆ ಕುಳಿತು ರಾಗಿ ಹಿಟ್ಟಿಗೆ ಕೈ ಹಾಕಿದರು.

ನನಗೆ ಏನಾಯಿತೋ ತಿಳಿಯದು. ಗೂಡಿನ ಮುಂದೆ ಹೋಗಿ ನಿಂತೆ. ಬಾಯಿಯಿಂದ ಹೊರಟದ್ದು ನನ್ನ ಕಚೇರಿಯ ಕನ್ನಡವಾಗಿರಲಿಲ್ಲ.

“ಏನಪ್ಪಾ, ಕಣ್ ಕಾಣಲ್ವಾ ನಿಂಗೆ? ಊರೋರ್ಗೆಲ್ಲ ಕೇಳಿ ಕೇಳಿ ಅವ್ಳ ಗಂಟ್ಲು ಸವ್ದೋಯ್ತು. ಅವ್ಳಿಗೇ ಅಂತ ಒಂದು ಕೇಳಿದ್ಕೆ ಕಿವುಡ್ನಂಗೆ ನಿಂತಿದ್ದೀಯಲ್ಲ, ನಾಚ್ಕೆ ಆಗಲ್ವಾ? ಬೆಟ್ಟಾನೇ ಒತ್ಕಂಡು ಬಂದೋನ್ಗೆ ಒಂದ್ ಗಂಟ್ಲು ಬಾರ ಆಯ್ತಾ?”

“ಲೇ.”

ಅದು ಕಲ್ಲಿನ ಮೇಲೆ ತಗಡು ಎಳೆದಂತಿತ್ತು. ಯಾರೋ ಗಂಡಸರು ಒಳಗೆ ಬಂದರೆಂದು ನಾನು ಬಾಗಿಲ ಕಡೆ ತಿರುಗಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.

“ಯಾರ್ನ ಏನಂತಿದ್ದೀಯ, ಗ್ಯಾನ ಐತಾ ನಿಂಗೆ?”

ಈಳಿಗೆಮಣೆಯ ಮೇಲೆ ರೂಪಾಳ ಕೈ ಹಾಗೆಯೇ ನಿಂತಿತು. ತಾಯಿಯವರು ಎದ್ದು, ಕೋಪದಿಂದ ಮುಖ ಕೆಂಪಗೆ ಮಾಡಿಕೊಂಡು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತಾ ನನ್ನನ್ನು ಪಕ್ಕಕ್ಕೆ ತಳ್ಳಿದರು.

ತಾವು ಮಾತಾಡುತ್ತಿರುವುದು ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ. ಪಟದ ಗಾಜಿನ ಮೇಲೆ ಕೂತಿದ್ದ ಹಬೆಯನ್ನು ಸೆರಗಿನ ತುದಿಯಿಂದ ಒರೆಸಿ, ಮುಖವನ್ನು ಹತ್ತಿರ ತಂದು, ಆ ಒಡಕು ದನಿಯಲ್ಲಿಯೇ ಆತನಿಗೆ ಹೇಳಿದರು:

“ತಿಳೀದೆ ಅಂದ್ಬುಟ್ಟ ಕಣಪ್ಪಾ, ಮನಸ್ಗಾಕ್ಕಬೇಡ. ಇನ್ನೂ ಒಟ್ಟೆಗೇನೂ ತಿಂದಿಲ್ಲ ಮಗ, ಅದ್ಕೇ ಅಂಗಂದ.”